ರಿವೈಂಡ್ ಆದ ಮೋಟಾರ್: ಆಂಪ್ ನೋಡಿದರೆ ಸಾಲದು, ವಾಟ್ ನೋಡಿ

ಪ್ರಶ್ನೆ: ನಮ್ಮ ಪಂಪಿಗೆ ಜೋಡಿಸಿದ್ದ 10 ಎಚ್‌ಪಿ ತ್ರೀ ಫೇಸ್ ಇಂಡಕ್ಷನ್ ಮೋಟಾರ್ ಸುಟ್ಟುಹೋಗಿತ್ತು. ರಿವೈಂಡಿಂಗ್ (ಒಳಗಿನ ತಾಮ್ರದ ತಂತಿ ಹೊಸದಾಗಿ ಸುತ್ತಿಸುವುದು) ಮಾಡಿಸಿ ತಂದೆ. ನೇಮ್‌ಪ್ಲೇಟ್‌ನಲ್ಲಿ 7.5 ಕಿಲೋವಾಟ್, 415 ವೋಲ್ಟ್, 50 ಹರ್ಟ್ಸ್, 14.5 ಆಂಪ್, 1450 ಆರ್‌ಪಿಎಂ ಅಂತಿದೆ. ಮೊದಲೆಲ್ಲ ಕಪ್ಲಿಂಗ್ ಬಿಚ್ಚಿ ಖಾಲಿ ಓಡಿಸಿದರೆ ಸುಮಾರು 5 ಆಂಪ್ ಎಳೆಯುತ್ತಿತ್ತು. ಈಗ ಮೂರು ಫೇಸ್‌ನಲ್ಲಿ 7.6, 6.6, 7.4 ಆಂಪ್ ಬರುತ್ತಿದೆ. ವೋಲ್ಟೇಜ್ 408, 415, 418 ಇದೆ. ಪಂಪ್ ಜೋಡಿಸಿದರೆ 13.5 ಆಂಪ್, ಸ್ಪೀಡ್ 1462. ಬಾಡಿ ಮೇಲೆ ಕೈ ಇಡೋಕೆ ಆಗುವುದಿಲ್ಲ. ರಿವೈಂಡ್ ಮಾಡಿದವರು "ನೇಮ್‌ಪ್ಲೇಟ್ ಆಂಪ್‌ಗಿಂತ ಕಡಿಮೆ ಇದೆಯಲ್ಲ, ಚಿಂತೆ ಬೇಡ" ಅನ್ನುತ್ತಾರೆ. ಒಬ್ಬರು ಶಾಫ್ಟ್ ತಿರುಗದ ಹಾಗೆ ಹಿಡಿದು ಸ್ವಿಚ್ ಹಾಕಿ ಆಂಪ್ ನೋಡು ಅಂದರು. ಇನ್ನೊಬ್ಬರು ಕೆಪಾಸಿಟರ್ ಹಾಕು, ಎಲ್ಲ ಸರಿಹೋಗುತ್ತೆ ಅಂದರು. ನನ್ನ ಹತ್ತಿರ ಕ್ಲ್ಯಾಂಪ್ ಮೀಟರ್, ಮಲ್ಟಿಮೀಟರ್, ಟ್ಯಾಕೋಮೀಟರ್ ಇವೆ. ಮೋಟಾರ್ ಕೆಟ್ಟಿದೆಯಾ? ಅದರ ಎಫಿಷಿಯೆನ್ಸಿ ಇಳಿದಿದೆಯಾ ಅಂತ ಹೇಗೆ ಪರೀಕ್ಷೆ ಮಾಡಲಿ?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಖಾಲಿ ಓಡುವಾಗಿನ ಕರೆಂಟ್ 5ರಿಂದ 7.2ಕ್ಕೆ (ಮೂರರ ಸರಾಸರಿ) ಏರಿದೆ ಅಂದರೆ ಮೋಟಾರಿನ ಒಳಗೆ ಏನೋ ಬದಲಾಗಿದೆ. ಆದರೆ ಬಾಡಿ ಬಿಸಿ ಇದೆ ಅನ್ನೋದು ಕೆಟ್ಟದ್ದರ ಗುರುತಲ್ಲ. ಹಾಗೇ, ನೇಮ್‌ಪ್ಲೇಟ್‌ಗಿಂತ ಕಡಿಮೆ ಆಂಪ್ ಇದೆ ಅನ್ನೋದು ಒಳ್ಳೆಯದರ ಗುರುತೂ ಅಲ್ಲ.

ಮೊದಲು ಆಂಪ್ ವಿಷಯ. ಇಂಡಕ್ಷನ್ ಮೋಟಾರ್ ಎಳೆಯುವ ಕರೆಂಟ್‌ನಲ್ಲಿ ಎರಡು ಪಾಲು ಸೇರಿರುತ್ತವೆ. ಒಂದು, ಕೆಲಸ ಮಾಡುವ ಪಾಲು. ಇನ್ನೊಂದು, ಸ್ಟೇಟರ್ (ತಿರುಗದೆ ನಿಂತಿರುವ ಭಾಗ) ಮತ್ತು ರೋಟರ್ (ಒಳಗೆ ತಿರುಗುವ ಭಾಗ) ನಡುವಿನ ಗಾಳಿಯ ಸಂದಿನಲ್ಲಿ ಕಾಂತಕ್ಷೇತ್ರ ಎಬ್ಬಿಸುವ ಪಾಲು. ಖಾಲಿ ಓಡುವಾಗ ಹೆಚ್ಚುಕಡಿಮೆ ಪೂರ್ತಿ ಕರೆಂಟ್ ಈ ಎರಡನೆಯದ್ದೇ. ಹಾಗಾಗಿ ಆಗ ಪವರ್ ಫ್ಯಾಕ್ಟರ್ (ವೋಲ್ಟ್-ಆಂಪ್ ಲೆಕ್ಕದಲ್ಲಿ ನಿಜವಾದ ವಾಟ್‌ನ ಪಾಲು) 0.1ರಿಂದ 0.2ರ ಆಸುಪಾಸಿನಲ್ಲಿರುತ್ತದೆ. ನಿಮ್ಮ ಅಳತೆಯ ನಾಲ್ಕು ಪೋಲ್ (ಕಾಂತದ ಧ್ರುವ) ಮೋಟಾರಿನಲ್ಲಿ ನೋ-ಲೋಡ್ ಕರೆಂಟ್, ಅಂದರೆ ಖಾಲಿ ಓಡುವಾಗಿನ ಕರೆಂಟ್, ಸಾಮಾನ್ಯವಾಗಿ ಫುಲ್ ಲೋಡ್ ಕರೆಂಟ್‌ನ 30ರಿಂದ 40 ಪರ್ಸೆಂಟ್ ಇರುತ್ತದೆ. ಚಿಕ್ಕ ಮೋಟಾರುಗಳಲ್ಲಿ, ಪೋಲ್ ಜಾಸ್ತಿ ಇರುವ ಮೋಟಾರುಗಳಲ್ಲಿ ಇನ್ನೂ ಹೆಚ್ಚಿರಬಹುದು. ನಿಮ್ಮದು ಮೊದಲು 34 ಪರ್ಸೆಂಟ್ ಇತ್ತು, ಈಗ 50. 50 ಪರ್ಸೆಂಟ್ ಅನ್ನೋದಕ್ಕಿಂತ, ಅದೇ ಮೋಟಾರ್ ಮೊದಲು 34 ಇತ್ತು ಅನ್ನೋದೇ ನನಗೆ ಮುಖ್ಯವಾಗಿ ಕಾಣುತ್ತದೆ. ಹಳೇ ಅಂಕಿ ಬರೆದಿಟ್ಟುಕೊಂಡಿದ್ದೀರಲ್ಲ, ಅದು ತುಂಬಾ ಒಳ್ಳೆಯ ಕೆಲಸ. ಟೆಸ್ಟ್ ಬೆಂಚಿಗೆ ಬರುವ ಹತ್ತರಲ್ಲಿ ಒಂಬತ್ತು ಮೋಟಾರುಗಳಿಗೆ ಈ ದಾಖಲೆಯೇ ಇರುವುದಿಲ್ಲ.

ಯಾಕೆ ಏರಿತು? ನನ್ನ ಮೊದಲ ಅನುಮಾನ ಸುತ್ತುಗಳ ಮೇಲೆ. ಕಾಯಿಲ್‌ನಲ್ಲಿ ಸುತ್ತು 10 ಪರ್ಸೆಂಟ್ ಕಡಿಮೆ ಹಾಕಿದರೆ ಕಾಂತಕ್ಷೇತ್ರ ಸುಮಾರು 11 ಪರ್ಸೆಂಟ್ ಏರುತ್ತದೆ. ಅದನ್ನು ಎಬ್ಬಿಸುವ ಕರೆಂಟ್ ಕನಿಷ್ಠ 23 ಪರ್ಸೆಂಟ್ ಏರುತ್ತದೆ. ಕನಿಷ್ಠ ಅಂದೆ, ಯಾಕೆಂದರೆ ಕೋರ್‌ನ (ತಂತಿ ಸುತ್ತಿರುವ ತಗಡುಗಳ ಕಟ್ಟಿನ) ಉಕ್ಕು ಆಗಲೇ ಹೊರಬಹುದಾದಷ್ಟು ಹೊತ್ತಿರುತ್ತದೆ. ಅದರ ಮೇಲೆ ಇನ್ನಷ್ಟು ಹೇರಿದರೆ ಕರೆಂಟ್ ಜಿಗಿಯುತ್ತದೆ. ಸುತ್ತು ಕಡಿಮೆಯಾದ ಮೋಟಾರ್ ಸ್ಟಾರ್ಟ್ ಆಗುವಾಗ ಹುರುಪಾಗಿ ಎದ್ದು ಓಡುತ್ತದೆ, ಅದಕ್ಕೇ "ಸ್ಟ್ರಾಂಗ್ ಆಗಿದೆ" ಅಂತ ಕೆಲವರಿಗೆ ಅನ್ನಿಸುತ್ತದೆ. ಅದು ನಿಜವೂ ಹೌದು, ಸ್ಟಾರ್ಟಿಂಗ್ ಟಾರ್ಕ್ (ಶುರುವಿನಲ್ಲಿ ತಿರುಗಿಸುವ ಬಲ) ಹೆಚ್ಚಿರುತ್ತದೆ. ಆದರೆ ಅದರ ಬೆಲೆಯನ್ನು ದಿನವಿಡೀ ಕೋರ್ ಬಿಸಿಯಲ್ಲಿ ಕಟ್ಟಬೇಕಾಗುತ್ತದೆ.

ಎರಡನೇ ಅನುಮಾನ ಗಾಳಿ ಸಂದು. ಈ ಅಳತೆಯ ಮೋಟಾರಿನಲ್ಲಿ ಅದು ಅರ್ಧ ಮಿಲಿಮೀಟರ್ ಸುತ್ತಮುತ್ತ ಇರುತ್ತದೆ, ಅಷ್ಟೇ. ಬೇರಿಂಗ್ ಸವೆದು ರೋಟರ್ ಉಜ್ಜಿದ್ದರೆ, ಕೆಲವರು ರೋಟರನ್ನು ಲೇತ್‌ಗೆ ಹಾಕಿ ಸ್ವಲ್ಪ ತಿರುವಿಬಿಡುತ್ತಾರೆ. ಒಂದು ಕೂದಲೆಳೆ ತೆಗೆದರೂ ನೋ-ಲೋಡ್ ಕರೆಂಟ್ ಏರುತ್ತದೆ. ರೋಟರ್ ತಿರುವಿದ್ದೀರಾ ಅಂತ ನೇರವಾಗಿ ಕೇಳಿ.

ಮೂರನೆಯದು ಕೋರ್ ಕೆಟ್ಟಿರುವುದು. ಹಳೇ ವೈಂಡಿಂಗ್ ಕೀಳಲು ಸ್ಟೇಟರ್‌ಗೆ ಬೆಂಕಿ ಕೊಟ್ಟು ಸುಡುವ ಅಭ್ಯಾಸ ಇದೆ. ಉಷ್ಣತೆ ಹತೋಟಿಯಲ್ಲಿರುವ ಓವನ್‌ನಲ್ಲಿ, ಸುಮಾರು 370 ಡಿಗ್ರಿ ಸೆಲ್ಸಿಯಸ್ ಮೀರದ ಹಾಗೆ ಮಾಡಿದರೆ ತೊಂದರೆ ಇಲ್ಲ. ಗ್ಯಾಸ್ ಟಾರ್ಚ್ ಹಿಡಿದು ಕೆಂಪಗೆ ಕಾಯಿಸಿದರೆ ಉಕ್ಕಿನ ತಗಡುಗಳ ನಡುವಿನ ಇನ್ಸುಲೇಷನ್ ಪದರ ಸುಟ್ಟುಹೋಗುತ್ತದೆ. ಆಮೇಲೆ ತಗಡಿನಿಂದ ತಗಡಿಗೆ ಸುಳಿ ಕರೆಂಟ್ ಹರಿಯುತ್ತದೆ. ವಿಚಿತ್ರ ಅಂದರೆ ಈ ಕೇಡು ಕ್ಲ್ಯಾಂಪ್ ಮೀಟರಿಗೆ ಸಿಗುವುದೇ ಕಷ್ಟ. ಆಂಪ್ ಹೆಚ್ಚೇನೂ ಬದಲಾಗುವುದಿಲ್ಲ, ವಾಟ್ ಮಾತ್ರ ಏರುತ್ತದೆ. ನಾನು ಪದೇ ಪದೇ ವಾಟ್ ನೋಡಿ ಅನ್ನುವುದು ಇದಕ್ಕೇ.

ರಿವೈಂಡಿಂಗ್ ಮಾಡಿಸಿದರೆ ಎಫಿಷಿಯೆನ್ಸಿ ಇಳಿದೇ ಇಳಿಯುತ್ತದೆ ಅನ್ನುವ ಮಾತೂ ಇದೆ. ಅದು ತಪ್ಪು. ಅದೇ ಸುತ್ತು, ಅದೇ ದಪ್ಪದ ತಂತಿ, ಅದೇ ಕನೆಕ್ಷನ್, ಕೋರ್ ಸುಡದ ಹಾಗೆ ಕಿತ್ತರೆ ಎಫಿಷಿಯೆನ್ಸಿ ಹಾಗೇ ಉಳಿಯುತ್ತದೆ. ಇಳಿಯುವುದು ಅವಸರದ ಕೆಲಸದಿಂದ.

ಇನ್ನು ಬಿಸಿ. 60 ಡಿಗ್ರಿ ದಾಟಿದ ಲೋಹವನ್ನು ಯಾರೂ ಹಿಡಿದು ನಿಲ್ಲೋಕೆ ಆಗುವುದಿಲ್ಲ. ಆರೋಗ್ಯವಾಗಿರುವ ಮೋಟಾರಿನ ಬಾಡಿಯೇ ಫುಲ್ ಲೋಡ್‌ನಲ್ಲಿ 60ರಿಂದ 80 ಡಿಗ್ರಿ ಮುಟ್ಟುತ್ತದೆ. ಕೈ ಇಟ್ಟು ನೋಡುವುದರಿಂದ ಏನೂ ತೀರ್ಮಾನ ಆಗುವುದಿಲ್ಲ. ನಿಜವಾಗಿ ತಿಳಿಯಬೇಕಾದ್ದು ಒಳಗಿನ ತಾಮ್ರ ಎಷ್ಟು ಕಾದಿದೆ ಅಂತ. ಅದಕ್ಕೆ ತಾಮ್ರದ ರೆಸಿಸ್ಟೆನ್ಸೇ ಥರ್ಮಾಮೀಟರ್. ಮೋಟಾರ್ ರಾತ್ರಿಯೆಲ್ಲ ಆರಿದ ಮೇಲೆ ಎರಡು ಲೈನ್ ಟರ್ಮಿನಲ್ ನಡುವಿನ ರೆಸಿಸ್ಟೆನ್ಸ್ ಅಳೆಯಿರಿ. 28 ಡಿಗ್ರಿಯಲ್ಲಿ 1.20 ಓಮ್ ಬಂತು ಅಂದುಕೊಳ್ಳೋಣ. ಪಂಪ್ ಜೋಡಿಸಿ ಮೂರ್ನಾಲ್ಕು ಗಂಟೆ, ಅಂದರೆ ಬಿಸಿ ಏರುವುದು ನಿಲ್ಲುವ ತನಕ ಓಡಿಸಿ. ಆಫ್ ಮಾಡಿ, ಲೈನ್ ಐಸೋಲೇಟ್ ಮಾಡಿ, 30 ಸೆಕೆಂಡ್ ಒಳಗೆ ಮತ್ತೆ ಅಳೆಯಿರಿ. 1.50 ಓಮ್ ಬಂತು ಅನ್ನಿ. 1.50ನ್ನು 1.20ರಿಂದ ಭಾಗಿಸಿ, 235 ಕೂಡಿಸು 28ರಿಂದ ಗುಣಿಸಿ, ಅದರಿಂದ 235 ಕಳೆಯಿರಿ. ಸುಮಾರು 94 ಡಿಗ್ರಿ ಬರುತ್ತದೆ. ಆಗ ಸುತ್ತಲಿನ ಗಾಳಿ 32 ಡಿಗ್ರಿ ಇದ್ದರೆ ಏರಿಕೆ 62 ಡಿಗ್ರಿ. ಇನ್ಸುಲೇಷನ್ ಎಷ್ಟು ಬಿಸಿ ತಡೆಯುತ್ತದೆ ಅನ್ನುವುದರ ದರ್ಜೆಯೇ ಕ್ಲಾಸ್. ಈ ಲೆಕ್ಕದಲ್ಲಿ ಕ್ಲಾಸ್ ಬಿ ಇನ್ಸುಲೇಷನ್‌ಗೆ 80, ಕ್ಲಾಸ್ ಎಫ್‌ಗೆ 105 ಡಿಗ್ರಿ ಏರಿಕೆಯವರೆಗೆ ಅವಕಾಶ ಇದೆ. ಅಂದರೆ ಬಾಡಿ ಕೈ ಸುಟ್ಟರೂ ಇಂಥ ಮೋಟಾರ್ ಸುರಕ್ಷಿತ. ಬದಲಿಗೆ ಏರಿಕೆ 110 ಬಂದರೆ ಓಡಿಸಬೇಡಿ. ಮಿತಿ ಮೀರಿದ ಪ್ರತಿ 10 ಡಿಗ್ರಿಗೆ ಇನ್ಸುಲೇಷನ್ ಆಯುಸ್ಸು ಅರ್ಧಕ್ಕಿಳಿಯುತ್ತದೆ ಅನ್ನುವುದು ನಮ್ಮಲ್ಲಿ ಬಹಳ ಹಳೆಯ ಲೆಕ್ಕ. ಒಂದು ಎಚ್ಚರ: ಸಾಧಾರಣ ಮಲ್ಟಿಮೀಟರ್ ಇದಕ್ಕೆ ಆಗುವುದಿಲ್ಲ. ಅದರ ವೈರುಗಳ ರೆಸಿಸ್ಟೆನ್ಸೇ ಲೆಕ್ಕ ಕೆಡಿಸುತ್ತದೆ. ನಾಲ್ಕು ವೈರಿನ ಮಿಲಿಓಮ್ ಮೀಟರ್ ಬೇಕು. ಅದು ಕೈಗೆ ಸಿಕ್ಕಾಗ ಮೂರೂ ಜೋಡಿ ಟರ್ಮಿನಲ್ ಅಳೆದುಬಿಡಿ. ಮೂರರ ನಡುವೆ 2 ಪರ್ಸೆಂಟ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸುತ್ತಿನ ಲೆಕ್ಕವೋ ಜಾಯಿಂಟೋ ತಪ್ಪಿದೆ.

ಮೆಗ್ಗರ್ ಟೆಸ್ಟ್ (ಇನ್ಸುಲೇಷನ್‌ನ ರೆಸಿಸ್ಟೆನ್ಸ್ ಅಳೆಯುವುದು) ಮಾಡಿಸಿರಬಹುದು. ಈ ವೋಲ್ಟೇಜಿನ ಮೋಟಾರಿಗೆ 500 ವೋಲ್ಟ್ ಡಿಸಿ ಮೆಗ್ಗರ್ ಸಾಕು. 40 ಡಿಗ್ರಿಯಲ್ಲಿ 5 ಮೆಗಾಓಮ್‌ಗಿಂತ ಕಡಿಮೆ ಇದ್ದರೆ ಲೈನ್ ಕೊಡಬಾರದು. ಹೊಸ ಒಣ ವೈಂಡಿಂಗ್‌ನಲ್ಲಿ ನೂರಾರು ಬರುತ್ತದೆ. ಆದರೆ ಮೆಗ್ಗರ್ ಹೇಳುವುದು ಬಾಡಿಗೆ ಲೀಕ್ ಇದೆಯಾ ಅಂತ ಮಾತ್ರ. ಸುತ್ತು ಎಷ್ಟಿದೆ, ಕೋರ್ ಹೇಗಿದೆ ಅದಕ್ಕೆ ಗೊತ್ತಿಲ್ಲ.

ಈಗ ನಿಮ್ಮ 7.6, 6.6, 7.4ಕ್ಕೆ ಬರೋಣ. ಸರಾಸರಿ 7.2, ಅದರಿಂದ ಅತಿ ದೂರದ್ದು 6.6. ಅಂದರೆ 8 ಪರ್ಸೆಂಟ್‌ಗಿಂತ ಹೆಚ್ಚು ಏರುಪೇರು. ನೋಡಿದರೆ ಗಾಬರಿಯಾಗುತ್ತದೆ ಅಲ್ವಾ? ಆದರೆ ವೋಲ್ಟೇಜ್ ಕೂಡ ಸಮ ಇಲ್ಲ. ಸರಾಸರಿಯಿಂದ 1.4 ಪರ್ಸೆಂಟ್ ವಾಲಿದೆ. ವೋಲ್ಟೇಜ್ 1 ಪರ್ಸೆಂಟ್ ವಾಲಿದರೆ ಕರೆಂಟ್ 6ರಿಂದ 10 ಪರ್ಸೆಂಟ್ ವಾಲುವುದು ಇಂಡಕ್ಷನ್ ಮೋಟಾರಿನ ಸ್ವಭಾವ. ಹಾಗಾಗಿ ತಪ್ಪು ಲೈನಿನದ್ದೇ ಇರಬಹುದು. ಇದನ್ನು ನೀವೇ ಕಾಲು ಗಂಟೆಯಲ್ಲಿ ಪತ್ತೆ ಮಾಡಬಹುದು. ಪವರ್ ಪೂರ್ತಿ ತೆಗೆದು, ಮೋಟಾರಿನ ಮೂರೂ ವೈರುಗಳನ್ನು ಒಂದೊಂದು ಸ್ಥಾನ ಮುಂದಕ್ಕೆ ಹಾಕಿ: ಒಂದನೆಯದು ಎರಡಕ್ಕೆ, ಎರಡನೆಯದು ಮೂರಕ್ಕೆ, ಮೂರನೆಯದು ಒಂದಕ್ಕೆ. ಮೂರನ್ನೂ ಸರಿಸಿದರೆ ತಿರುಗುವ ದಿಕ್ಕು ಬದಲಾಗುವುದಿಲ್ಲ, ಎರಡನ್ನೇ ಅದಲುಬದಲು ಮಾಡಿದರೆ ಉಲ್ಟಾ ತಿರುಗುತ್ತದೆ. ಮತ್ತೆ ಓಡಿಸಿ ಅಳೆಯಿರಿ. 6.6 ಆಂಪ್ ಅದೇ ಲೈನಿನಲ್ಲಿ ಉಳಿದರೆ ತಪ್ಪು ಸಪ್ಲೈಯದ್ದು. ಅದು ಮೋಟಾರಿನ ವೈರಿನ ಜೊತೆ ಸರಿದರೆ ತಪ್ಪು ವೈಂಡಿಂಗ್‌ನದ್ದು. ಎಷ್ಟೋ ಮೋಟಾರುಗಳನ್ನು ಈ ಒಂದು ಪರೀಕ್ಷೆ ಮಾಡದೆ ಸುಮ್ನೆ ಬಿಚ್ಚಿಹಾಕಿರುವುದನ್ನು ನೋಡಿದ್ದೇನೆ.

ಸ್ಪೀಡ್ ನೋಡಿ ಲೋಡ್ ಲೆಕ್ಕ ಹಾಕುವ ವಿಧಾನ ನಿಮ್ಮ ಟ್ಯಾಕೋಮೀಟರಿನಿಂದ ಸಾಧ್ಯ, ಆದರೆ ಅದನ್ನು ತುಂಬಾ ನಂಬಬೇಡಿ. ನಾಲ್ಕು ಪೋಲ್, 50 ಹರ್ಟ್ಸ್ ಅಂದರೆ ಸಿಂಕ್ರೊನಸ್ ಸ್ಪೀಡ್ (ಕಾಂತಕ್ಷೇತ್ರ ತಿರುಗುವ ವೇಗ) 1500. ಫುಲ್ ಲೋಡ್‌ನಲ್ಲಿ 1450, ಸ್ಲಿಪ್ (ರೋಟರ್ ಅದಕ್ಕಿಂತ ಹಿಂದೆ ಬೀಳುವಷ್ಟು) 50 ಸುತ್ತು. ನಿಮ್ಮದು 1462, ಸ್ಲಿಪ್ 38. ಹಾಗಾದರೆ ಲೋಡ್ 76 ಪರ್ಸೆಂಟ್ ಅನ್ನಿಸುತ್ತದೆ. ಆದರೆ ಮೋಟಾರುಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 60034-1 ಪ್ರಕಾರ ನೇಮ್‌ಪ್ಲೇಟ್ ಸ್ಲಿಪ್‌ನಲ್ಲೇ 20 ಪರ್ಸೆಂಟ್ ಹೆಚ್ಚುಕಡಿಮೆಗೆ ಅವಕಾಶ ಇದೆ. ನಿಜವಾದ ಸ್ಲಿಪ್ 40ರಿಂದ 60ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಆಗ ನಿಮ್ಮ ಲೋಡ್ 63 ಪರ್ಸೆಂಟೂ ಆಗಬಹುದು, 95ಊ ಆಗಬಹುದು. ಜೊತೆಗೆ, ಅಳೆಯುವ ಹೊತ್ತಿಗೆ ಫ್ರೀಕ್ವೆನ್ಸಿ 49.8 ಇದ್ದರೆ ಸಿಂಕ್ರೊನಸ್ ಸ್ಪೀಡೇ 1494. ನಿಮ್ಮ 38 ಸುತ್ತಿನ ಸ್ಲಿಪ್ 32 ಆಗಿಬಿಡುತ್ತದೆ. ಅದಕ್ಕೇ ಫ್ರೀಕ್ವೆನ್ಸಿ ಬರೆದುಕೊಳ್ಳದ ಸ್ಪೀಡ್ ರೀಡಿಂಗನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ಶಾಫ್ಟ್ ಹಿಡಿದು ಸ್ವಿಚ್ ಹಾಕುವ ಸಲಹೆಯನ್ನು ದಯವಿಟ್ಟು ಮರೆತುಬಿಡಿ. ಲಾಕ್ಡ್ ರೋಟರ್ ಟೆಸ್ಟ್ ಅನ್ನೋದು ನಿಜವಾದ ಪರೀಕ್ಷೆಯೇ. ಆದರೆ ಅದನ್ನು ಮಾಡುವುದು ಕಡಿಮೆ ವೋಲ್ಟೇಜಿನಲ್ಲಿ. ತ್ರೀ ಫೇಸ್ ವೇರಿಯಾಕ್‌ನಿಂದ (ವೋಲ್ಟೇಜ್ ಬೇಕಾದಷ್ಟು ಏರಿಳಿಸುವ ಟ್ರಾನ್ಸ್‌ಫಾರ್ಮರ್) ಸೊನ್ನೆಯಿಂದ ಏರಿಸುತ್ತಾ, ಫುಲ್ ಲೋಡ್ ಕರೆಂಟ್ ಬರುವ ತನಕ ಮಾತ್ರ ಕೊಡುತ್ತೇವೆ. ಅದು ಸಾಮಾನ್ಯವಾಗಿ ಪೂರ್ಣ ವೋಲ್ಟೇಜಿನ ಐದನೇ ಒಂದು ಭಾಗದಷ್ಟಿರುತ್ತದೆ. ಪೂರ್ಣ 415 ವೋಲ್ಟ್ ಕೊಟ್ಟರೆ ಆರೇಳು ಪಟ್ಟು ಕರೆಂಟ್ ನುಗ್ಗುತ್ತದೆ. ತಾಮ್ರದಲ್ಲಿ ಹುಟ್ಟುವ ಶಾಖ 36ರಿಂದ 49 ಪಟ್ಟು. ಫ್ಯಾನ್ ನಿಂತಿರುತ್ತದೆ, ಗಾಳಿಯೂ ಇಲ್ಲ. ಕೆಲವೇ ಸೆಕೆಂಡುಗಳಲ್ಲಿ ಹೊಸ ವೈಂಡಿಂಗ್ ಹೋಗುತ್ತದೆ. ಅದಕ್ಕಿಂತ ಭಯ ನನಗೆ ಶಾಫ್ಟ್‌ಗೆ ಕೊಟ್ಟಿರುವ ರಾಡ್ ಬಗ್ಗೆ. ಅದು ಜಾರಿದರೆ ಪಕ್ಕದಲ್ಲಿ ನಿಂತವರ ಕೈಕಾಲು ಮುರಿಯುತ್ತದೆ. ಇಷ್ಟು ಅಪಾಯ ಎದುರಿಸಿ ಮಾಡಿದರೂ ಈ ಟೆಸ್ಟ್ ನಿಮ್ಮ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಇದು ಹೇಳುವುದು ಸ್ಟಾರ್ಟಿಂಗ್ ಕರೆಂಟ್, ಲೀಕೇಜ್ ರಿಯಾಕ್ಟೆನ್ಸ್, ರೋಟರ್ ರೆಸಿಸ್ಟೆನ್ಸ್ ಇವುಗಳ ಬಗ್ಗೆ. ಕೋರ್ ನಷ್ಟದ ಬಗ್ಗೆ ಅಲ್ಲ.

ಕೆಪಾಸಿಟರ್ ಹಾಕಿದರೆ ಲೈನಿನ ಆಂಪ್ ಇಳಿಯುತ್ತದೆ, ನಿಜ. ಆದರೆ ಇಳಿಯುವುದು ಕೆಪಾಸಿಟರಿಗಿಂತ ಹಿಂದಿನ ಕೇಬಲ್‌ನಲ್ಲಿ. ಮೋಟಾರಿನ ಒಳಗೆ ಅಷ್ಟೇ ಕರೆಂಟ್, ಅಷ್ಟೇ ಬಿಸಿ ಇರುತ್ತದೆ.

ಹಾಗಾದರೆ ಯಾವ ಪರೀಕ್ಷೆ ಮಾಡಬೇಕು? ವಾಟ್ ಮೀಟರ್ ಇಟ್ಟು ಮಾಡುವ ನೋ-ಲೋಡ್ ಟೆಸ್ಟ್. ಒಳ್ಳೆಯ ರಿವೈಂಡಿಂಗ್ ಶಾಪ್‌ನಲ್ಲಿ ಅಥವಾ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ಲ್ಯಾಬ್‌ನಲ್ಲಿ ಇದಕ್ಕೆ ಬೇಕಾದ್ದೆಲ್ಲ ಇರುತ್ತದೆ. ಕಪ್ಲಿಂಗ್ ಬಿಚ್ಚಿ, ಬೇರಿಂಗ್ ಗ್ರೀಸ್ ಹದಕ್ಕೆ ಬಂದು ವಾಟ್ ರೀಡಿಂಗ್ ನಿಲ್ಲುವ ತನಕ ಓಡಿಸಿ, ಆಮೇಲೆ ವೋಲ್ಟ್, ಆಂಪ್, ವಾಟ್ ಬರೆದುಕೊಳ್ಳುತ್ತಾರೆ. ಇಲ್ಲಿ ಒಂದು ಜಾಗದಲ್ಲಿ ತುಂಬಾ ಜನ ಎಡವುತ್ತಾರೆ. ಎರಡು ವಾಟ್ ಮೀಟರ್ ವಿಧಾನದಲ್ಲಿ ಪವರ್ ಫ್ಯಾಕ್ಟರ್ 0.5ಕ್ಕಿಂತ ಕೆಳಗಿದ್ದರೆ ಒಂದು ಮೀಟರಿನ ಮುಳ್ಳು ಸೊನ್ನೆಯಿಂದ ಹಿಂದಕ್ಕೆ ಒದೆಯುತ್ತದೆ. ಕನೆಕ್ಷನ್ ತಪ್ಪಾಯಿತು ಅಂತ ಕಾಯಿಲ್ ತಿರುಗಿಸಿ ಹಾಕಿ, ಎರಡನ್ನೂ ಕೂಡಿಸಿಬಿಡುತ್ತಾರೆ. ನಿಮ್ಮ ಮೋಟಾರಿಗೆ ಒಂದರಲ್ಲಿ 1800, ತಿರುಗಿಸಿದ ಇನ್ನೊಂದರಲ್ಲಿ 1150 ಬಂತು ಅಂದುಕೊಳ್ಳಿ. ಕೂಡಿಸಿದರೆ 2950 ವಾಟ್. ಖಾಲಿ ಮೋಟಾರ್ ಹತ್ತಿರ ಹತ್ತಿರ 3 ಕಿಲೋವಾಟ್ ನುಂಗಿದರೆ ಸ್ವಲ್ಪ ಹೊತ್ತಿಗೆ ಹೊಗೆ ಬರಬೇಕು. ತಿರುಗಿಸಿದ್ದನ್ನು ಕಳೆಯಬೇಕು: 650 ವಾಟ್. ಅದೇ ಸರಿಯಾದ ಲೆಕ್ಕ.

ಅದರಲ್ಲಿ ಸ್ಟೇಟರ್ ತಾಮ್ರದ ಪಾಲು ಕಳೆಯಬೇಕು. ಲೈನ್ ಟರ್ಮಿನಲ್ ನಡುವಿನ ರೆಸಿಸ್ಟೆನ್ಸ್ 1.20 ಓಮ್ ಅಂದರೆ, ಅದರ ಒಂದೂವರೆ ಪಟ್ಟನ್ನು 7.2ರ ವರ್ಗದಿಂದ ಗುಣಿಸಿದರೆ ಸುಮಾರು 93 ವಾಟ್. ವೈಂಡಿಂಗ್ ಕನೆಕ್ಷನ್ ಸ್ಟಾರ್ ಇರಲಿ, ಡೆಲ್ಟಾ ಇರಲಿ ಈ ಒಂದೂವರೆ ಪಟ್ಟಿನ ಲೆಕ್ಕ ನಡೆಯುತ್ತದೆ. ಉಳಿದದ್ದು 557 ವಾಟ್. ಇದರಲ್ಲಿ ಬೇರಿಂಗ್ ಮತ್ತು ಫ್ಯಾನ್‌ಗೆ ಹೋದದ್ದೆಷ್ಟು, ಕೋರ್ ತಿಂದದ್ದೆಷ್ಟು? ವೇರಿಯಾಕ್‌ನಿಂದ ವೋಲ್ಟೇಜನ್ನು 110 ಪರ್ಸೆಂಟ್‌ನಿಂದ 30 ಪರ್ಸೆಂಟ್‌ವರೆಗೆ ಹಂತ ಹಂತವಾಗಿ ಇಳಿಸುತ್ತಾ, ಪ್ರತಿ ಸಲ ಉಳಿಕೆ ವಾಟ್ ಬರೆದುಕೊಳ್ಳುತ್ತಾರೆ. ವೋಲ್ಟೇಜಿನ ವರ್ಗದ ಎದುರು ಅದನ್ನು ಗ್ರಾಫ್ ಹಾಕಿ, ಕೆಳಭಾಗದ ನೇರ ಗೆರೆಯನ್ನು ಸೊನ್ನೆ ವೋಲ್ಟಿಗೆ ಎಳೆದರೆ ಸಿಗುವುದು ಬೇರಿಂಗ್ ಮತ್ತು ಫ್ಯಾನ್ ಪಾಲು. ಅದು 80 ವಾಟ್ ಬಂತು ಅಂದರೆ ಕೋರ್ ನಷ್ಟ 477. ಈ ಅಳತೆಯ ಆರೋಗ್ಯವಂತ ಮೋಟಾರಿನಲ್ಲಿ ನಾನು ನಿರೀಕ್ಷಿಸುವುದು 200ರ ಆಸುಪಾಸು.

ಈ ಗ್ರಾಫ್ ಕೆಲಸದಲ್ಲೇ ನಾನು ಹೇಳಿದ ಮೂರು ಅನುಮಾನಗಳೂ ಬೇರೆಬೇರೆಯಾಗಿ ಕಾಣುತ್ತವೆ. ವೋಲ್ಟೇಜಿನ ಎದುರು ಆಂಪ್ ಗೆರೆ 415 ತಲುಪುವ ಮೊದಲೇ ಮೇಲಕ್ಕೆ ಬಾಗಿದರೆ ಸುತ್ತು ಕಡಿಮೆಯಾಗಿದೆ. ಬಾಗದೆ ನೇರವಾಗಿಯೇ, ಆದರೆ ಶುರುವಿನಿಂದಲೂ ಹೆಚ್ಚು ಆಂಪ್ ತೋರಿಸಿದರೆ ಗಾಳಿ ಸಂದು ದೊಡ್ಡದಾಗಿದೆ. ಆಂಪ್ ಸರಿ ಇದ್ದು ವಾಟ್ ಮಾತ್ರ ಜಾಸ್ತಿ ಇದ್ದರೆ ಕೋರ್ ಸುಟ್ಟಿದೆ. ಒಂದಕ್ಕಿಂತ ಹೆಚ್ಚು ತಪ್ಪು ಒಟ್ಟಿಗೆ ಇದ್ದರೆ ಗೆರೆ ಇಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ, ಆಗ ರೆಸಿಸ್ಟೆನ್ಸ್ ಅಂಕಿಯನ್ನೂ ಜೊತೆಗಿಟ್ಟು ನೋಡಬೇಕು. ಮೀಟರ್ ಬಗ್ಗೆಯೂ ಕೇಳಿ. ಪವರ್ ಫ್ಯಾಕ್ಟರ್ 0.12ರ ಹತ್ತಿರ ಇರುವಾಗ ಕ್ಲ್ಯಾಂಪ್‌ನಲ್ಲಿ ಒಂದು ಡಿಗ್ರಿ ಕೋನದ ತಪ್ಪಿದ್ದರೂ ವಾಟ್‌ನಲ್ಲಿ ಸುಮಾರು 14 ಪರ್ಸೆಂಟ್ ತಪ್ಪುತ್ತದೆ. ಕಡಿಮೆ ಪವರ್ ಫ್ಯಾಕ್ಟರಿಗೆಂದೇ ಮಾಡಿದ ವಾಟ್ ಮೀಟರ್ ಅಥವಾ ಒಳ್ಳೆಯ ಪವರ್ ಅನಲೈಸರ್ ಬೇಕು.

ಫುಲ್ ಲೋಡ್ ಎಫಿಷಿಯೆನ್ಸಿಯನ್ನು ನೇರವಾಗಿಯೇ ಅಳೆಯಬೇಕು ಅಂದರೆ ಡೈನಮೋಮೀಟರ್ (ಶಾಫ್ಟ್‌ಗೆ ಲೋಡ್ ಕೊಟ್ಟು ಟಾರ್ಕ್ ಅಳೆಯುವ ಯಂತ್ರ) ಬೇಕು. 1450 ಸ್ಪೀಡಿನಲ್ಲಿ 7.5 ಕಿಲೋವಾಟ್ ಅಂದರೆ ಶಾಫ್ಟ್‌ನಲ್ಲಿ ಸುಮಾರು 49.4 ನ್ಯೂಟನ್ ಮೀಟರ್ ಟಾರ್ಕ್. ಟಾರ್ಕ್ ಅಳತೆಯಲ್ಲಿ 1 ಪರ್ಸೆಂಟ್ ತಪ್ಪಿದರೆ ಎಫಿಷಿಯೆನ್ಸಿಯೂ 1 ಪರ್ಸೆಂಟ್ ತಪ್ಪುತ್ತದೆ. ಅದರ ಮೇಲೆ ಇನ್‌ಪುಟ್ ವಾಟ್‌ನ ತಪ್ಪು ಬೇರೆ. ಹಗ್ಗ ಸುತ್ತಿದ ಡ್ರಮ್ ಮತ್ತು ಸ್ಪ್ರಿಂಗ್ ತಕ್ಕಡಿಯಲ್ಲಿ ಮಾಡುವ ಬ್ರೇಕ್ ಟೆಸ್ಟ್ ಕಲಿಯೋಕೆ ಚೆನ್ನ, ಒಂದೆರಡು ಪರ್ಸೆಂಟ್ ವ್ಯತ್ಯಾಸ ಹುಡುಕೋಕೆ ಸಾಲದು. ನಷ್ಟಗಳನ್ನು ಬಿಡಿಬಿಡಿಯಾಗಿ ಅಳೆದು ಕೂಡಿಸುವುದು ಇದಕ್ಕಿಂತ ನಂಬಿಕೆಯ ದಾರಿ. ನಿಮ್ಮಂಥ ಮೋಟಾರಿನ ಒಟ್ಟು ನಷ್ಟ, ಸರಿ ಇದ್ದಾಗ, 1120 ವಾಟ್‌ನಷ್ಟು. ಅದರಲ್ಲಿ 10 ಪರ್ಸೆಂಟ್ ತಪ್ಪಿದರೂ ಎಫಿಷಿಯೆನ್ಸಿಯಲ್ಲಿ ತಪ್ಪುವುದು ಒಂದೂಕಾಲು ಪರ್ಸೆಂಟ್ ಮಾತ್ರ. ಮೇಲಿನ ಉದಾಹರಣೆಯ ಹಾಗೆ ಕೋರ್ ನಷ್ಟ 277 ವಾಟ್ ಹೆಚ್ಚಾಗಿದ್ದರೆ, ಅದೊಂದೇ 87 ಪರ್ಸೆಂಟ್ ಇದ್ದ ಎಫಿಷಿಯೆನ್ಸಿಯನ್ನು 84ರ ಹತ್ತಿರಕ್ಕೆ ತರುತ್ತದೆ.

ಮುಂದೇನು ಅನ್ನೋದು ಗ್ರಾಫ್ ಮೇಲೆ ನಿಂತಿದೆ. ಸುತ್ತು ಕಡಿಮೆ ಅಂತ ಗೊತ್ತಾದರೆ, ಮೂಲ ವೈಂಡಿಂಗ್ ಡೇಟಾ (ಸುತ್ತು, ತಂತಿಯ ಗೇಜ್, ಕಾಯಿಲ್ ಪಿಚ್, ಕನೆಕ್ಷನ್) ಪ್ರಕಾರ ಮತ್ತೆ ಸುತ್ತಿಸುವುದು ಸರಿ. ಆದರೆ ಮತ್ತೊಮ್ಮೆ ಕೀಳುವಾಗ ಕೋರ್ ಮೇಲೆ ಮತ್ತೊಮ್ಮೆ ಬೆಂಕಿ ಬೀಳುತ್ತದೆ, ಅದನ್ನು ಹತೋಟಿಯ ಓವನ್‌ನಲ್ಲೇ ಮಾಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಕೋರ್ ಸುಟ್ಟಿದ್ದರೆ ಅಥವಾ ರೋಟರ್ ತಿರುವಿದ್ದರೆ ಎಷ್ಟು ಸಲ ಸುತ್ತಿಸಿದರೂ ಉಪಯೋಗ ಇಲ್ಲ. ದಿನಕ್ಕೆ ಒಂದರ್ಧ ಗಂಟೆ ಓಡುವ ಪಂಪ್ ಆಗಿದ್ದು, ತಾಮ್ರದ ಏರಿಕೆ ಮಿತಿಯೊಳಗಿದ್ದರೆ ಹಾಗೇ ಓಡಿಸಬಹುದು. ಆಗ ಇರುವ ಅಪಾಯ ಒಂದೇ: ವೋಲ್ಟೇಜ್ ಏರುವ ಹೊತ್ತಿನಲ್ಲಿ ಈ ಮೋಟಾರಿನ ಕರೆಂಟ್ ಬೇರೆ ಮೋಟಾರುಗಳಿಗಿಂತ ಬೇಗ ಏರುತ್ತದೆ. ಓವರ್‌ಲೋಡ್ ರಿಲೇಯನ್ನು 14.5ಕ್ಕಿಂತ ಮೇಲೆ ಇಡಲೇಬೇಡಿ.

ವರ್ಷಕ್ಕೆ ಸಾವಿರಾರು ಗಂಟೆ ಓಡುವುದಾದರೆ ಹೊಸ ಮೋಟಾರಿನ ಲೆಕ್ಕ ಹಾಕಿ. 7.5 ಕಿಲೋವಾಟ್, ನಾಲ್ಕು ಪೋಲ್, 50 ಹರ್ಟ್ಸ್‌ಗೆ ಐಇಸಿ ಗೊತ್ತುಮಾಡಿರುವ ಎಫಿಷಿಯೆನ್ಸಿ ಐಇ2 ದರ್ಜೆಗೆ 88.7, ಅದಕ್ಕಿಂತ ಮೇಲಿನ ಐಇ3 ದರ್ಜೆಗೆ 90.4 ಪರ್ಸೆಂಟ್. 84 ಪರ್ಸೆಂಟ್ ಮೋಟಾರಿಗೂ ಐಇ3ಗೂ ಫುಲ್ ಲೋಡ್‌ನಲ್ಲಿ 0.63 ಕಿಲೋವಾಟ್ ವ್ಯತ್ಯಾಸ. 3000 ಗಂಟೆಗೆ ಸುಮಾರು 1900 ಯೂನಿಟ್. ಇದರಲ್ಲಿ ಒಂದು ಅಂಶ ಮಾರುವವರು ಹೇಳುವುದಿಲ್ಲ. ಐಇ3 ಮೋಟಾರಿನ ಸ್ಲಿಪ್ ಕಡಿಮೆ, ಅದು 1465ರಲ್ಲಿ ಓಡಬಹುದು. ಸೆಂಟ್ರಿಫ್ಯೂಗಲ್ ಪಂಪ್ ಕೇಳುವ ಪವರ್ ಸ್ಪೀಡಿನ ಘನಕ್ಕೆ ತಕ್ಕಂತೆ ಏರುತ್ತದೆ. 1450ರಿಂದ 1465 ಅಂದರೆ 3 ಪರ್ಸೆಂಟ್ ಹೆಚ್ಚು ಪವರ್. ನೀರೂ ಸ್ವಲ್ಪ ಹೆಚ್ಚು ಬರುತ್ತದೆ, ಆದರೆ ಅದು ನಿಮಗೆ ಬೇಡವಾದರೆ ಉಳಿತಾಯದ ಸುಮಾರು 40 ಪರ್ಸೆಂಟ್ ಅಲ್ಲೇ ಸೋರಿಹೋಗುತ್ತದೆ. ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ಸ್ವಲ್ಪ ಟ್ರಿಮ್ ಮಾಡಿಸಬೇಕಾಗಬಹುದು. ಸ್ಟಾರ್ಟಿಂಗ್ ಕರೆಂಟ್ ಕೂಡ ಹಳೆಯದಕ್ಕಿಂತ ಹೆಚ್ಚಿರುತ್ತದೆ, ಈಗಿನ ಬ್ರೇಕರ್ ತಡೆಯುತ್ತದೆಯಾ ಅಂತ ಕೊಳ್ಳುವ ಮೊದಲೇ ನೋಡಿಸಿಕೊಳ್ಳಿ.